ಕ್ವೇಕರ್ ಸಭೆಗಳ ವಿಲೀನ: ಚಾರಿಟಿ ಕಮಿಷನ್ನಿನ ಉಚಿತ ಸೇವೆ ಎಲ್ಲಿಯವರೆಗೆ ಕೈಹಿಡಿಯುತ್ತದೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಕ್ಕಪಕ್ಕದ ಮೂರ್ನಾಲ್ಕು ಕ್ವೇಕರ್ (ಒಂದು ಕ್ರೈಸ್ತ ಪಂಥ) ಏರಿಯಾ ಮೀಟಿಂಗ್‌ಗಳು ಸೇರಿ ಒಂದೇ ಪ್ರಾದೇಶಿಕ ಸಂಸ್ಥೆ ಆಗಬೇಕೆಂದರೆ ಈಗ ಹೆಚ್ಚಿನವರು ಹಿಡಿಯುವ ದಾರಿ ಇದು. ಮೊದಲು ದತ್ತಿಸಂಸ್ಥೆಗಳ ಸರ್ಕಾರಿ ನಿಯಂತ್ರಕರಾದ ಚಾರಿಟಿ ಕಮಿಷನ್‌ನಲ್ಲಿ ಸಿಐಒ (ಕಾನೂನಿನಲ್ಲಿ ಸ್ವಂತ ವ್ಯಕ್ತಿತ್ವವಿರುವ ದತ್ತಿಸಂಸ್ಥೆ) ಮಾದರಿಯ ಹೊಸ ಸಂಸ್ಥೆಯನ್ನು ನೋಂದಾಯಿಸುವುದು, ಆಮೇಲೆ ಹಳೆಯ ಸಂಸ್ಥೆಗಳ ಆಸ್ತಿಯನ್ನು ವೆಸ್ಟಿಂಗ್ ಡಿಕ್ಲರೇಶನ್ ಎಂಬ ಪತ್ರದ ಮೂಲಕ ಅದಕ್ಕೆ ಸೇರಿಸುವುದು, ಕೊನೆಗೆ ಕಮಿಷನ್ನಿನ ವಿಲೀನ ರಿಜಿಸ್ಟರಿನಲ್ಲಿ ದಾಖಲು ಮಾಡಿಸುವುದು. ಕಮಿಷನ್ ಇದಕ್ಕೆ ಒಂದು ಪೆನ್ನಿಯನ್ನೂ ತೆಗೆದುಕೊಳ್ಳುವುದಿಲ್ಲ. ಈ ವಿಮರ್ಶೆ ಆ ಸೇವೆಯದು, ಜೊತೆಗೆ ಆ ಸೇವೆ ಮುಟ್ಟದೆ ಬಿಟ್ಟ ಕೆಲಸಗಳದು.

ಅಂಕ ಮೊದಲೇ ಹೇಳಿಬಿಡೋಣ. ಕಮಿಷನ್ನಿನ ಭಾಗಕ್ಕೆ ಐದಕ್ಕೆ ನಾಲ್ಕೂವರೆ. ಅದರಾಚೆಗಿನ ಬ್ಯಾಂಕು, ಭೂದಾಖಲೆ, ತೆರಿಗೆ ಇಲಾಖೆಯ ಸುತ್ತಾಟಕ್ಕೆ ಎರಡು. ವಿಲೀನಗಳು ಕಷ್ಟಕ್ಕೆ ಬೀಳುವುದು ಈ ಎರಡನೆಯದರಲ್ಲಿ, ಅದೂ ಬಹುಪಾಲು ಒಂದೇ ಕಾರಣಕ್ಕೆ: ವಿಲೀನದ ತಾರೀಖನ್ನು ಮೊದಲು ಘೋಷಿಸಿ, ಆಸ್ತಿಪತ್ರಗಳ ಪಟ್ಟಿ ಮಾಡಲು ಆಮೇಲೆ ಕೂರುತ್ತಾರೆ.

ಕ್ವೇಕರರ ವ್ಯವಸ್ಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪಾದ್ರಿಗಳಿಲ್ಲ, ಮೌನವೇ ಆರಾಧನೆ. ಭಾನುವಾರ ಜನ ಕೂಡುವುದು ಲೋಕಲ್ ಮೀಟಿಂಗ್‌ನಲ್ಲಿ. ಆದರೆ ಸದಸ್ಯತ್ವ, ಕಟ್ಟಡ, ಹಣ, ಮದುವೆ ನೋಂದಣಿ ಅಧಿಕಾರಿಯ ನೇಮಕ ಎಲ್ಲವೂ ಅದರ ಮೇಲಿನ ಏರಿಯಾ ಮೀಟಿಂಗ್‌ಗೆ ಸೇರಿದ್ದು. ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ 1660ರ ದಶಕದ ಕೊನೆಗೆ ಕಟ್ಟಿದ ‘ಮಂತ್ಲಿ ಮೀಟಿಂಗ್’ಗಳೇ ಇಂದಿನ ಏರಿಯಾ ಮೀಟಿಂಗ್‌ಗಳು. ಇಡೀ ಬ್ರಿಟನ್ನಿನಲ್ಲಿ ಇಂಥವು ಸುಮಾರು ಎಪ್ಪತ್ತು. ಕಾನೂನಿನ ಕಣ್ಣಿಗೆ ಕಾಣುವ ಸಂಸ್ಥೆಯೂ ಇದೇ. ಹಾಗಾಗಿ ವಿಲೀನ ಎಂದರೆ ಯಾರ ಭಾನುವಾರದ ಸಭೆಯೂ ಮುಚ್ಚುವುದಿಲ್ಲ. ಈ ಮಾತನ್ನು ಮೊದಲ ಸುತ್ತೋಲೆಯ ಮೊದಲ ಸಾಲಿನಲ್ಲೇ ಬರೆಯಬೇಕು. ಬರೆಯದಿದ್ದರೆ ‘ನಮ್ಮ ಸಭಾಮನೆ ಮಾರುತ್ತಾರಂತೆ’ ಎಂಬ ಗಾಳಿಮಾತು ಎದ್ದು ಅರ್ಧ ವರ್ಷ ಅದಕ್ಕೆ ಉತ್ತರ ಕೊಡುವುದರಲ್ಲೇ ಕಳೆಯುತ್ತದೆ.

ಸೇರಬೇಕಾಗಿ ಬರುವುದೇಕೆ? ಹುದ್ದೆಗಳಿಗೆ ಜನ ಸಿಗುತ್ತಿಲ್ಲ. ಒಂದು ಏರಿಯಾ ಮೀಟಿಂಗ್‌ಗೆ ಕ್ಲರ್ಕ್ (ಸಭೆ ನಡೆಸಿ ನಡಾವಳಿ ಬರೆಯುವವರು), ಸಹಾಯಕ ಕ್ಲರ್ಕ್, ಖಜಾಂಚಿ, ಟ್ರಸ್ಟಿಗಳು, ಹಿರಿಯರು, ಸದಸ್ಯರ ಯೋಗಕ್ಷೇಮ ನೋಡುವವರು, ಮದುವೆ ಅಧಿಕಾರಿ, ಮಕ್ಕಳ ಸುರಕ್ಷತೆಯ ಸಂಯೋಜಕರು, ದಾಖಲೆ ಪಾಲಕರು ಬೇಕು. ಇಷ್ಟರ ಮೇಲೆ ಈ ಹೆಸರುಗಳನ್ನು ಹುಡುಕಲು ಬೇರೆ ಒಂದು ಸಮಿತಿ. ಸಕ್ರಿಯರಾದವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರಾದರೆ ಒಬ್ಬರೇ ಮೂರು ಟೋಪಿ ಹಾಕಿಕೊಳ್ಳಬೇಕಾಗುತ್ತದೆ. ಲಂಡನ್ನಿನ ಯೂಸ್ಟನ್ ರಸ್ತೆಯ ಫ್ರೆಂಡ್ಸ್ ಹೌಸ್‌ನಿಂದ ಕೆಲಸ ಮಾಡುವ ಕೇಂದ್ರ ಸಂಸ್ಥೆ ‘ಸಿಂಪ್ಲರ್ ಮೀಟಿಂಗ್ಸ್’ ಯೋಜನೆ ಶುರುಮಾಡಿದ್ದು ಈ ಭಾರ ಇಳಿಸಲೆಂದೇ. ಅವರ ನೆರವು ಸಲಹೆಯ ಮಟ್ಟಿಗೆ ಒಳ್ಳೆಯದು. ಆದರೆ ಅವರು ನಿಮ್ಮ ವಕೀಲರಲ್ಲ, ನಿಮ್ಮ ಹಳೆಯ ಕ್ರಯಪತ್ರಗಳನ್ನು ಓದಿಕೊಡುವವರೂ ಅಲ್ಲ.

ಸಿಐಒ ನೋಂದಣಿ

ಈ ಮಾದರಿ 2011ರ ಚಾರಿಟೀಸ್ ಆ್ಯಕ್ಟ್‌ನಡಿ ಬಂದದ್ದು, ಬಳಕೆಗೆ ಸಿಕ್ಕಿದ್ದು 2013ರ ಸುಮಾರಿಗೆ. ಸಾಲ, ದಾವೆ ಬಂದರೆ ಟ್ರಸ್ಟಿಗಳ ಸ್ವಂತ ಮನೆಗೆ ಕೈಹಾಕುವಂತಿಲ್ಲ, ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ಗೆ ಬೇರೆ ಲೆಕ್ಕ ಸಲ್ಲಿಸಬೇಕಿಲ್ಲ. ಆನ್‌ಲೈನ್ ಅರ್ಜಿ ಸ್ವಚ್ಛವಾಗಿದೆ. ಸಂವಿಧಾನ (ಸಂಸ್ಥೆಯ ನಿಯಮಾವಳಿ), ಟ್ರಸ್ಟಿಗಳ ಹೆಸರು-ವಿಳಾಸ-ಜನ್ಮದಿನಾಂಕ, ಪ್ರತಿ ಟ್ರಸ್ಟಿಯೂ ಸಹಿ ಮಾಡಿದ ಘೋಷಣೆ, ಸಾರ್ವಜನಿಕ ಹಿತದ ವಿವರಣೆ ಇವಿಷ್ಟು ಸಿದ್ಧವಿದ್ದರೆ ಅರ್ಜಿ ತುಂಬುವುದು ಒಂದು ಮಧ್ಯಾಹ್ನದ ಕೆಲಸ. ನೋಂದಣಿ ಆದ ಕ್ಷಣಕ್ಕೇ ಸಂಸ್ಥೆ ಹುಟ್ಟುತ್ತದೆ. ಅದಕ್ಕೂ ಮೊದಲು ಅದರ ಹೆಸರಿನಲ್ಲಿ ಯಾರೂ ಒಪ್ಪಂದಕ್ಕೆ ಸಹಿ ಮಾಡುವಂತಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ವರ್ಷಕ್ಕೆ 1 ಲಕ್ಷ ಪೌಂಡ್‌ಗಿಂತ ಕಡಿಮೆ ಆದಾಯದ ಕ್ವೇಕರ್ ಏರಿಯಾ ಮೀಟಿಂಗ್‌ಗಳಿಗೆ ಕಮಿಷನ್ನಿನಲ್ಲಿ ನೋಂದಣಿಯಿಂದಲೇ ವಿನಾಯಿತಿ ಇದೆ, 2031ರ ಮಾರ್ಚ್ 31ರವರೆಗೆ. ಸಿಐಒಗೆ ಈ ವಿನಾಯಿತಿ ಇಲ್ಲ. ಆದಾಯ ಎಷ್ಟೇ ಕಡಿಮೆಯಿರಲಿ, ಪ್ರತಿವರ್ಷ ಲೆಕ್ಕಪತ್ರ ಮತ್ತು ವಾರ್ಷಿಕ ವರದಿ ಸಲ್ಲಿಸಲೇಬೇಕು. ಇದುವರೆಗೆ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟುಕೊಂಡು ಬಂದ ಸಣ್ಣ ಸಭೆಯವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಂವಿಧಾನದಲ್ಲಿ ಸಿಕ್ಕು ಬೀಳುವುದು ಮತದಾನದ ವಿಷಯಕ್ಕೆ. ಕ್ವೇಕರರು ಮತ ಹಾಕುವುದಿಲ್ಲ, ಬಹುಮತಕ್ಕೆ ಅವರಲ್ಲಿ ಬೆಲೆಯೂ ಇಲ್ಲ. ಕಮಿಷನ್ನಿನ ಮಾದರಿ ಸಂವಿಧಾನವಾದರೋ ಮತದ ಲೆಕ್ಕದ ಮೇಲೆ ನಿಂತಿದೆ. ತಮಾಷೆಯೆಂದರೆ, ಸಂಸ್ಥೆಯನ್ನು ಮುಚ್ಚುವ ಕಲಮಿನಲ್ಲಿ ‘ಮತವಿಲ್ಲದೆ, ಯಾರ ಭಿನ್ನಾಭಿಪ್ರಾಯವೂ ಇಲ್ಲದೆ’ ತೀರ್ಮಾನಿಸಲು ಅವಕಾಶವಿದೆ. ಸಂವಿಧಾನದ ತಿದ್ದುಪಡಿಗೆ ಮಾತ್ರ ಸಾಮಾನ್ಯ ಸಭೆಯಲ್ಲಿ ಶೇ 75 ಮತ, ಇಲ್ಲವೇ ಎಲ್ಲ ಸದಸ್ಯರ ಲಿಖಿತ ಒಪ್ಪಿಗೆ. ಅಂದರೆ ಬಾಗಿಲು ಹಾಕುವುದು ಕ್ವೇಕರ್ ಪದ್ಧತಿಯಲ್ಲಿ ಸಲೀಸು, ಒಂದು ಸಾಲು ತಿದ್ದುವುದು ಕಷ್ಟ. ಪರಿಹಾರ ಸಿಐಒದ ಎರಡು ಮಾದರಿಗಳಲ್ಲಿ ಯಾವುದನ್ನು ಆರಿಸುತ್ತೀರಿ ಎಂಬುದರಲ್ಲಿದೆ. ಅಸೋಸಿಯೇಷನ್ ಮಾದರಿ ತೆಗೆದುಕೊಂಡರೆ ಏರಿಯಾದ ಸದಸ್ಯರ ಪುಸ್ತಕದಲ್ಲಿರುವ ಪ್ರತಿಯೊಬ್ಬರೂ ಕಾನೂನಿನ ಲೆಕ್ಕಕ್ಕೆ ಮತದ ಹಕ್ಕಿರುವ ಸದಸ್ಯರಾಗುತ್ತಾರೆ. ಫೌಂಡೇಶನ್ ಮಾದರಿಯಲ್ಲಿ ಟ್ರಸ್ಟಿಗಳು ಮಾತ್ರ. ಎರಡನೆಯದು ಕಾಗದದಲ್ಲಿ ಸುಲಭ, ಆದರೆ ಟ್ರಸ್ಟಿಗಳೇ ಯಜಮಾನರು ಎಂಬ ಭಾವನೆ ಬೆಳೆಯುತ್ತದೆ. ಅದಕ್ಕೆ ಟ್ರಸ್ಟಿಗಳನ್ನು ನೇಮಿಸುವ, ಬಿಡುಗಡೆ ಮಾಡುವ ಅಧಿಕಾರ ಏರಿಯಾ ಮೀಟಿಂಗ್‌ನದು ಎಂದು ಕಲಮಿನಲ್ಲೇ ಬರೆಸಿಕೊಳ್ಳಬೇಕು. ಕೇಂದ್ರದಿಂದ ಸಿಗುವ ಕ್ವೇಕರ್ ಕರಡು ಇಟ್ಟುಕೊಂಡು ಆದಷ್ಟು ಕಡಿಮೆ ತಿದ್ದಿದರೆ ಕಮಿಷನ್ನಿನಿಂದ ಪ್ರಶ್ನೆಗಳೂ ಕಡಿಮೆ ಬರುತ್ತವೆ.

ನಡಾವಳಿಯೇ ಸಾಕ್ಷಿ, ಬ್ಯಾಂಕಿಗೆ ಸಾಲದು

ಕ್ವೇಕರ್ ಸಭೆಯ ನಡಾವಳಿ ಸಭೆ ಮುಗಿದ ಮೇಲೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ. ಚರ್ಚೆ ಒಂದು ಹದಕ್ಕೆ ಬಂದಾಗ ಕ್ಲರ್ಕ್ ಮೇಜಿನಲ್ಲೇ ಬರೆಯತೊಡಗುತ್ತಾರೆ, ಉಳಿದವರು ಸುಮ್ಮನೆ ಕೂತಿರುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ಓದುತ್ತಾರೆ. ಯಾರೋ ಎದ್ದು ‘ಸೇರುತ್ತೇವೆ’ ಎಂದಿರುವುದನ್ನು ‘ಸೇರಲು ಸಿದ್ಧರಿದ್ದೇವೆ’ ಎಂದು ಮಾಡಿ ಎನ್ನುತ್ತಾರೆ. ಮತ್ತೆ ಬರಹ, ಮತ್ತೆ ಓದು. ಒಪ್ಪಿಗೆಯೇ ಎಂದು ಕೇಳಿದಾಗ ‘ಹಾಗೆಂದು ಆಶಿಸುತ್ತೇವೆ’ ಎಂಬ ಗುಂಪಿನ ಉತ್ತರ ಬಂದರೆ ಮುಗಿಯಿತು, ಆ ಸಾಲನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ. ಹೊರಗಿನವರಿಗೆ ಇದು ಆಮೆಯ ನಡಿಗೆ. ವಿಲೀನದ ಕೆಲಸದಲ್ಲಿ ಮಾತ್ರ ಇಡೀ ಪ್ರಕ್ರಿಯೆಯ ಗಟ್ಟಿಯಾದ ಭಾಗ ಇದೇ. ಶೇ 51ರ ಗೆಲುವಿನಿಂದ ಹುಟ್ಟಿದ ಸಂಸ್ಥೆಯಲ್ಲಿ ಉಳಿದ ಶೇ 49 ಜನ ಬಾಗಿಲ ಬಳಿ ನಿಂತಿರುತ್ತಾರೆ. ಇಲ್ಲಿ ಆ ಗುಂಪೇ ಇರುವುದಿಲ್ಲ.

ತೊಂದರೆ ಬರುವುದು ಇದೇ ಕಾಗದವನ್ನು ಹೊರಗೆ ತೋರಿಸಿದಾಗ. ‘ಒಂದೇ ದಾರಿಯಲ್ಲಿ ನಡೆಯಲು ಮನಸ್ಸು ಮಾಡಿದ್ದೇವೆ’ ಎಂಬ ನಡಾವಳಿ ಓದಲು ಚೆಂದ, ಬ್ಯಾಂಕಿನವರಿಗೆ ಪ್ರಯೋಜನವಿಲ್ಲ. ಆದ್ದರಿಂದ ಎರಡು ಕಾಗದ ಮಾಡಿಕೊಳ್ಳಿ. ಒಂದು ಸಭೆಯ ನಡಾವಳಿ, ಅವರ ಮಾತಿನಲ್ಲೇ. ಇನ್ನೊಂದು ಟ್ರಸ್ಟಿಗಳ ಗೊತ್ತುವಳಿ. ಅದರಲ್ಲಿ ಹಳೆಯ ಮತ್ತು ಹೊಸ ಸಂಸ್ಥೆಗಳ ನೋಂದಾಯಿತ ಪೂರ್ಣ ಹೆಸರು, ವರ್ಗಾವಣೆಯ ತಾರೀಖು, ಪತ್ರಕ್ಕೆ ಸಹಿ ಮಾಡುವ ಇಬ್ಬರ ಹೆಸರು ಇರಲೇಬೇಕು. ಸೇರುತ್ತಿರುವ ಎಲ್ಲ ಏರಿಯಾಗಳ ಗೊತ್ತುವಳಿಯಲ್ಲೂ ಹೊಸ ಹೆಸರಿನ ಕಾಗುಣಿತ ಒಂದೇ ಇರಬೇಕು. ಒಬ್ಬರು ‘ಏರಿಯಾ ಕ್ವೇಕರ್ ಮೀಟಿಂಗ್’ ಎಂದು, ಇನ್ನೊಬ್ಬರು ‘ಕ್ವೇಕರ್ ಏರಿಯಾ ಮೀಟಿಂಗ್’ ಎಂದು ಬರೆದರೆ ಭೂದಾಖಲೆ ಕಚೇರಿಯಿಂದ ಕಡತ ವಾಪಸು ಬರುತ್ತದೆ.

ವೆಸ್ಟಿಂಗ್ ಡಿಕ್ಲರೇಶನ್: ಹೇಳಿದಷ್ಟು ಮಾಡುತ್ತದೆ, ಅಂದುಕೊಂಡಷ್ಟಲ್ಲ

2011ರ ಕಾಯ್ದೆಯ 310ನೇ ಕಲಮು ಕೊಡುವ ಅನುಕೂಲ ದೊಡ್ಡದು. ಒಂದೇ ಪತ್ರಕ್ಕೆ ಹಳೆಯ ಟ್ರಸ್ಟಿಗಳು ಸಹಿ ಮಾಡಿದರೆ, ಅದರಲ್ಲಿ ನಮೂದಿಸಿದ ದಿನ ಆಸ್ತಿಯೆಲ್ಲ ಹೊಸ ಸಂಸ್ಥೆಗೆ ಸೇರುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಪತ್ರ ಬೇಡ. ಆದರೆ ಕೆಲವು ಹೊರಗುಳಿಯುತ್ತವೆ. ಮಾಲೀಕರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ವಹಿಸಬಾರದು ಎಂಬ ಷರತ್ತಿರುವ ಗುತ್ತಿಗೆ ಜಾಗ (ಒಪ್ಪಿಗೆಯನ್ನು ಮೊದಲೇ ಪಡೆದಿದ್ದರೆ ಸರಿ), ಕಂಪನಿಗಳ ಪುಸ್ತಕದಲ್ಲಿ ಹೆಸರು ಬದಲಾದರೆ ಮಾತ್ರ ವರ್ಗವಾಗುವ ಷೇರುಗಳು, ಸಂಸ್ಥೆ ತಾನು ಸಾಲ ಕೊಟ್ಟು ಭದ್ರತೆಗಾಗಿ ಹಿಡಿದಿಟ್ಟ ಜಮೀನು ಇವು ಮೂರೂ ಆ ಪತ್ರದಿಂದ ಕದಲುವುದಿಲ್ಲ. ಭೂದಾಖಲೆಯಲ್ಲಿ ಈಗಾಗಲೇ ನೋಂದಣಿಯಾದ ಕಟ್ಟಡಕ್ಕೆ ಎಪಿ1 ನಮೂನೆ ಹಾಕಿ ಹೆಸರು ಬದಲಾಯಿಸುವವರೆಗೆ ಕಾನೂನಿನ ಪ್ರಕಾರ ಹಳಬರೇ ಒಡೆಯರು. ಹೊಣೆಗಾರಿಕೆಗಳಂತೂ ಪತ್ರದ ಜೊತೆ ಬರುವುದೇ ಇಲ್ಲ. ಬಾಯ್ಲರ್ ನಿರ್ವಹಣೆ, ಫೋಟೊಕಾಪಿ ಯಂತ್ರದ ಬಾಡಿಗೆ, ಹಾಲ್ ಬುಕಿಂಗ್ ಇಂಥ ಒಪ್ಪಂದಗಳಿಗೆ ಎದುರು ಪಕ್ಷದವರಿಂದ ಹೊಸದಾಗಿ ಒಪ್ಪಿಗೆ ಬೇಕು. ಹಳೆಯ ಟ್ರಸ್ಟಿಗಳಿಗೆ ಹೊಸ ಸಂಸ್ಥೆಯಿಂದ ನಷ್ಟಭರ್ತಿಯ ಲಿಖಿತ ಭರವಸೆಯನ್ನೂ ಬರೆಸಿಕೊಳ್ಳಬೇಕು. ಸಭಾಮನೆಯಲ್ಲೇ ವಾಸವಿರುವ ವಾರ್ಡನ್ ಸಂಬಳದ ನೌಕರರಾಗಿದ್ದರೆ ಸಂಸ್ಥೆ ಕೈಬದಲಾದಾಗ ನೌಕರರನ್ನು ಕಾಯುವ ಟ್ಯೂಪಿ ನಿಯಮದ ಪ್ರಕಾರ ಅವರ ಕೆಲಸ ಹಳೆಯ ಷರತ್ತುಗಳ ಸಮೇತ ವರ್ಗವಾಗುತ್ತದೆ. ಅವರೊಡನೆ ಮೊದಲೇ ಸಮಾಲೋಚನೆ ಮಾಡುವುದು ಕಾನೂನಿನ ಕಡ್ಡಾಯ.

ಅತಿ ದುಬಾರಿ ತಪ್ಪು ಯಾವುದೆಂದರೆ, ಹೊರಗುಳಿದದ್ದು ಏನೇನು ಎಂದು ನೋಡದೆ ಹಳೆಯ ಸಂಸ್ಥೆಯನ್ನು ಮುಚ್ಚುವುದು. ಮುಚ್ಚಿದ ಮೇಲೆ ಗುತ್ತಿಗೆಗೆ ಸಹಿ ಮಾಡಲು ಯಾರೂ ಇರುವುದಿಲ್ಲ.

ಕ್ವೇಕರರಲ್ಲಿ ಈ ಸಮಸ್ಯೆ ಹೆಚ್ಚು, ಏಕೆಂದರೆ ಅವರ ಕಟ್ಟಡಗಳು ಹಳೆಯವು. ಹರ್ಟ್‌ಫರ್ಡ್‌ನ ಸಭಾಮನೆ 1670ರದು, ಸೆಡ್‌ಬರ್ಗ್ ಬಳಿಯ ಬ್ರಿಗ್‌ಫ್ಲಾಟ್ಸ್ 1675ರದು. ಅಷ್ಟು ಹಿಂದಿನದಲ್ಲದಿದ್ದರೂ, ಚರ್ಮದ ಹಾಳೆಯ ಮೇಲೆ ಬರೆದು ಮಡಚಿ ದಾರ ಕಟ್ಟಿಟ್ಟ ಪತ್ರವನ್ನು ಬಿಚ್ಚಿದರೆ ಕಾಣುವುದು ಎಂದೋ ತೀರಿಕೊಂಡ ಟ್ರಸ್ಟಿಗಳ ಹೆಸರುಗಳು. ಒಬ್ಬರು ಧಾನ್ಯದ ವ್ಯಾಪಾರಿ, ಒಬ್ಬರು ಚರ್ಮ ಹದ ಮಾಡುವವರು, ಕೊನೆಗೊಂದು ‘ಮತ್ತು ಅವರ ಉತ್ತರಾಧಿಕಾರಿಗಳು’. ಜೊತೆಗೆ ‘ಈ ಹಿತ್ತಲು ಹೂಳುವ ಜಾಗಕ್ಕೆ ಮಾತ್ರ’ ಎಂಬ ಷರತ್ತು. ಆಮೇಲೆ ಟ್ರಸ್ಟಿಗಳನ್ನು ಸರಿಯಾಗಿ ನೇಮಿಸುತ್ತ ಬಂದ ದಾಖಲೆ ಇಲ್ಲದಿದ್ದರೆ ಹಕ್ಕಿನ ಸರಪಳಿ ಅಲ್ಲಿಗೇ ಕಡಿಯುತ್ತದೆ. ಇಂಥದ್ದಕ್ಕೆ ಎಫ್‌ಆರ್1 ನಮೂನೆಯಲ್ಲಿ ಮೊದಲ ನೋಂದಣಿಯನ್ನು ವಿಲೀನಕ್ಕೆ ಮುಂಚೆಯೇ ಮಾಡಿಸಿಕೊಳ್ಳುವುದು ಜಾಣತನ. ಜಾಗದ ದಾಖಲೆ ಮೊದಲೇ ಫ್ರೆಂಡ್ಸ್ ಟ್ರಸ್ಟ್ಸ್ ಲಿಮಿಟೆಡ್‌ನ ಹೆಸರಿನಲ್ಲಿದ್ದರೆ ನಿಮ್ಮ ಪುಣ್ಯ. ಕ್ವೇಕರ್ ಆಸ್ತಿಗಳ ಹಕ್ಕುಪತ್ರ ಕಾಯುವ ಸಂಸ್ಥೆ ಅದು. ಹಕ್ಕುಪತ್ರ ಇದ್ದಲ್ಲೇ ಇರುತ್ತದೆ, ಯಾರ ಪರವಾಗಿ ಕಾಯುತ್ತಿದೆ ಎಂಬುದಷ್ಟೇ ಬದಲಾಗುತ್ತದೆ. ಲಂಡನ್ನಿನ ಏರಿಯಾಗಳಿಗೆ ಇನ್ನೊಂದು ಅನುಕೂಲ. ಅಲ್ಲಿನ ಸಭಾಮನೆಗಳನ್ನು ಒಟ್ಟಾಗಿ ನೋಡಿಕೊಳ್ಳುವ ಸಿಕ್ಸ್ ವೀಕ್ಸ್ ಮೀಟಿಂಗ್ 1671ರಿಂದಲೇ ಇದೆ, ಈಗ ಅದರ ಹೆಸರು ಲಂಡನ್ ಕ್ವೇಕರ್ಸ್ ಪ್ರಾಪರ್ಟಿ ಟ್ರಸ್ಟ್. ಆಸ್ತಿಯನ್ನಷ್ಟೇ ಒಟ್ಟುಗೂಡಿಸಿ ಉಳಿದದ್ದನ್ನು ಬೇರೆಯಾಗಿಯೇ ಇಡುವ ಈ ನಡುದಾರಿ, ವಿಲೀನಕ್ಕೆ ಮನಸ್ಸು ಗಟ್ಟಿಯಾಗದ ಕಡೆಗಳಲ್ಲಿ ನೋಡತಕ್ಕದ್ದು.

ಬಡ್ಡಿ ಮಾತ್ರ ಬಳಸಬಹುದಾದ ಶಾಶ್ವತ ಮೂಲನಿಧಿ ಇದ್ದರೆ ಅದು ಸಿಐಒದ ಸ್ವಂತ ಹಣ ಆಗುವುದಿಲ್ಲ. ಸಿಐಒ ಅದಕ್ಕೆ ಟ್ರಸ್ಟಿಯಾಗಿ ಬೇರೆಯೇ ಇಟ್ಟುಕೊಳ್ಳಬೇಕು. ಕಮಿಷನ್ನಿನಿಂದ ಲಿಂಕಿಂಗ್ ಡೈರೆಕ್ಷನ್ ಪಡೆದರೆ ಆ ನಿಧಿಗೆ ಪ್ರತ್ಯೇಕ ನೋಂದಣಿ, ಪ್ರತ್ಯೇಕ ಲೆಕ್ಕ ತಪ್ಪುತ್ತದೆ. ಕೇಳಿದರೆ ಕೊಡುತ್ತಾರೆ, ಕೇಳಬೇಕು.

ನಮ್ಮ ಕಡೆಯ ಓದುಗರಿಗೆ ಪರಿಚಿತವಾದ ಉದಾಹರಣೆ ಬೇಕೆಂದರೆ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಇದೆ. ಹಲವು ಪಂಗಡಗಳು ಸೇರಿ ಆ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಆಸ್ತಿ ಹಿಡಿಯುವ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಕಂಪನಿಯಾಗಿ ನೋಂದಣಿಯಾದದ್ದು ಅದರ ಹಿಂದಿನ ದಿನ. ಆಸ್ತಿಯ ವ್ಯವಸ್ಥೆ ಮೊದಲು, ವಿಲೀನ ಆಮೇಲೆ: ಆ ಕ್ರಮ ಸರಿಯಾಗಿತ್ತು.

ಉಯಿಲಿನ ಹಣ

ವಿಲೀನ ರಿಜಿಸ್ಟರಿನ ಅಸಲಿ ಉಪಯೋಗ ಇಲ್ಲಿದೆ. ಹಳೆಯ ಏರಿಯಾದ ಹೆಸರಿಗೆ ಯಾರೋ ಉಯಿಲು ಬರೆದಿಟ್ಟು, ವಿಲೀನವಾದ ಮೇಲೆ ತೀರಿಕೊಂಡರೆ, ರಿಜಿಸ್ಟರಿನಲ್ಲಿ ದಾಖಲಾಗಿದ್ದರೆ ಆ ಹಣ ಹೊಸ ಸಂಸ್ಥೆಗೆ ಬರಬೇಕು. 2012ರ ಬೆರ್ರಿ ವಿರುದ್ಧ ಐಬಿಎಸ್-ಎಸ್‌ಟಿಎಲ್ ಪ್ರಕರಣದಲ್ಲಿ ಇದಕ್ಕೆ ತೂತು ಬಿತ್ತು. ಉಯಿಲಿನಲ್ಲಿ ‘ಆ ಸಂಸ್ಥೆ ಇಲ್ಲವಾಗಿದ್ದರೆ’ ಎಂಬ ಧಾಟಿಯ ಷರತ್ತು ಇದ್ದುದರಿಂದ ರಿಜಿಸ್ಟರ್ ಕೈಹಿಡಿಯಲಿಲ್ಲ. ಅಂದಿನಿಂದ ವಕೀಲರು ಹಳೆಯ ಸಂಸ್ಥೆಯನ್ನು ಖಾಲಿ ಡಬ್ಬಿಯಂತೆ ಹೆಸರಿಗಷ್ಟೇ ಜೀವಂತ ಇಟ್ಟುಕೊಳ್ಳಿ ಎನ್ನತೊಡಗಿದರು. 2022ರ ಕಾಯ್ದೆ ಈ ತೂತನ್ನು ಮುಚ್ಚಿತು. ಆ ಭಾಗ ಜಾರಿಗೆ ಬಂದದ್ದು 2024ರ ಮಾರ್ಚ್ 7ರಂದು. ಈಗಲೂ ಯಾರಾದರೂ ಹಳೆಯ ಟಿಪ್ಪಣಿ ಹಿಡಿದು ಖಾಲಿ ಡಬ್ಬಿಯ ಸಲಹೆ ಕೊಟ್ಟರೆ ಕಾರಣ ಕೇಳಿ. ವೆಸ್ಟಿಂಗ್ ಡಿಕ್ಲರೇಶನ್ ಬಳಸಿದ್ದರೆ ರಿಜಿಸ್ಟರಿನಲ್ಲಿ ದಾಖಲಿಸುವುದು ಕಡ್ಡಾಯ, ಬಳಸದಿದ್ದರೆ ಐಚ್ಛಿಕ. ಐಚ್ಛಿಕವಾದಾಗಲೂ ಮಾಡಿಬಿಡಿ, ಹೇಗೂ ಪುಕ್ಕಟೆ.

ಲೆಕ್ಕದಲ್ಲಿ ಜಿಗಿತ

ತಲಾ 90 ಸಾವಿರ ಪೌಂಡ್ ಆದಾಯದ ಮೂರು ಏರಿಯಾಗಳು ಸೇರಿದವು ಎನ್ನಿ. ಬೇರೆಬೇರೆ ಇದ್ದಾಗ ಮೂವರಿಗೂ ಸರಳ ಜಮಾ-ಖರ್ಚಿನ ಲೆಕ್ಕ ಸಾಕಿತ್ತು. ಸೇರಿದೊಡನೆ 2 ಲಕ್ಷ 70 ಸಾವಿರ. ಬಹುಕಾಲದಿಂದ ಚಾಲ್ತಿಯಲ್ಲಿದ್ದ 2 ಲಕ್ಷ 50 ಸಾವಿರದ ಗೆರೆ ದಾಟಿತೆಂದರೆ ಪೂರ್ಣ ಪ್ರಮಾಣದ ಸಾರ್ಪ್ (ದತ್ತಿಸಂಸ್ಥೆಗಳಿಗೆ ನಿಗದಿಯಾದ ಲೆಕ್ಕದ ಮಾದರಿ) ಲೆಕ್ಕಪತ್ರ, ವೃತ್ತಿಪರ ಅರ್ಹತೆ ಇರುವ ಪರೀಕ್ಷಕರು ಬೇಕು. ಜೊತೆಗೆ ಲೆಕ್ಕಪತ್ರದಲ್ಲಿ ತೋರಿಸಿದ ಆಸ್ತಿ 32 ಲಕ್ಷ 60 ಸಾವಿರ ಪೌಂಡ್ ಮೀರಿದರೆ ಪೂರ್ಣ ಲೆಕ್ಕಪರಿಶೋಧನೆಯೇ. ಮೂರು ಊರಿನ ಮಧ್ಯಭಾಗದ ಸಭಾಮನೆಗಳನ್ನು ಇಂದಿನ ಬೆಲೆಗೆ ಹಿಡಿದರೆ ಆ ಮೊತ್ತ ಏನೇನೂ ದೊಡ್ಡದಲ್ಲ. ಕಟ್ಟಡಗಳಿಗೆ ಯಾವ ಬೆಲೆ ಹಾಕುತ್ತೀರಿ ಎಂಬುದನ್ನು ಮೊದಲ ವರ್ಷದ ಲೆಕ್ಕಕ್ಕೆ ಮುಂಚೆ ಅಕೌಂಟೆಂಟ್ ಜೊತೆ ಕೂತು ತೀರ್ಮಾನಿಸಿ. ಮಿತಿಗಳನ್ನು ಸರ್ಕಾರ ಆಗಾಗ ಏರಿಸುತ್ತದೆ, ನಿಮ್ಮ ಲೆಕ್ಕದ ವರ್ಷಕ್ಕೆ ಯಾವುದು ಅನ್ವಯ ಎಂದು ನೋಡಿಕೊಳ್ಳಿ.

ಇನ್ನೊಂದು ಸಣ್ಣ ಹೊಡೆತ ಯಾರ ಗಮನಕ್ಕೂ ಬರುವುದಿಲ್ಲ. ಪೆಟ್ಟಿಗೆಗೆ ಬೀಳುವ 30 ಪೌಂಡ್‌ವರೆಗಿನ ಸಣ್ಣ ಕಾಣಿಕೆಗಳ ಮೇಲೆ, ವರ್ಷಕ್ಕೆ 8,000 ಪೌಂಡ್ ಕಾಣಿಕೆಯ ಮಟ್ಟಿಗೆ, ತೆರಿಗೆ ಇಲಾಖೆ, ದಾನಿ ಕಟ್ಟಿದ ತೆರಿಗೆಯನ್ನು ದತ್ತಿಸಂಸ್ಥೆಗೆ ಕೊಡುವ ಗಿಫ್ಟ್ ಏಡ್‌ನಂತೆಯೇ ಹಣ ಸೇರಿಸಿ ಕೊಡುತ್ತದೆ. ಅಂದರೆ ಗರಿಷ್ಠ 2,000 ಪೌಂಡ್. ಈ ಮಿತಿ ಒಂದು ಸಂಸ್ಥೆಗೆ. ಮೂರು ಸಂಸ್ಥೆ ಒಂದಾದರೆ ಮೂರು ಮಿತಿ ಒಂದಾಗುತ್ತದೆ. ಪರಿಹಾರವಾಗಿ ಪ್ರತಿ ಸಮುದಾಯ ಕಟ್ಟಡಕ್ಕೂ ಪ್ರತ್ಯೇಕ 8,000 ಕೇಳಬಹುದು, ಆದರೆ ಅಲ್ಲಿ ವರ್ಷಕ್ಕೆ ಕನಿಷ್ಠ ಆರು ಸಲ, ಕನಿಷ್ಠ ಹತ್ತು ಜನ ಸೇರಿರಬೇಕು. ಏಳೆಂಟು ಜನ ಸೇರುವ ಹಳ್ಳಿಯ ಸಭೆಗೆ ಆ ಬಾಗಿಲೂ ಮುಚ್ಚಿದೆ.

ಮದುವೆಗಳ ವಿಷಯ ಬೇಗ ಮುಗಿಯುತ್ತದೆ. ಹೊಸ ಏರಿಯಾ ತನ್ನ ನೋಂದಣಿ ಅಧಿಕಾರಿಯನ್ನು ನೇಮಿಸಿ, ಕ್ವೇಕರ್ ಕೇಂದ್ರ ಸಂಸ್ಥೆಯ ಮುಖ್ಯಾಧಿಕಾರಿಯಾದ ರೆಕಾರ್ಡಿಂಗ್ ಕ್ಲರ್ಕ್ ಮೂಲಕ ರಿಜಿಸ್ಟ್ರಾರ್ ಜನರಲ್‌ಗೆ ತಿಳಿಸಬೇಕು. ವಿಲೀನದ ವಾರಗಳಲ್ಲಿ ಮದುವೆ ಗೊತ್ತಾಗಿದ್ದರೆ ನೇಮಕ ಮೊದಲು. ಹಳೆಯ ನಡಾವಳಿ ಪುಸ್ತಕಗಳು ಜಿಲ್ಲಾ ದಾಖಲೆ ಕಚೇರಿಯಲ್ಲಿ ಠೇವಣಿ ಇದ್ದರೆ ಒಡೆತನ ಬದಲಾಯಿತೆಂದು ಅಲ್ಲಿಗೂ ಒಂದು ಪತ್ರ.

ಸ್ಕಾಟ್ಲೆಂಡಿಗೆ ಇದಾವುದೂ ಹೀಗೇ ಅನ್ವಯಿಸುವುದಿಲ್ಲ. ಅಲ್ಲಿ ಓಸ್ಕರ್ ಎಂಬ ಬೇರೆ ನಿಯಂತ್ರಕರಿದ್ದಾರೆ, ವಿಲೀನಕ್ಕೆ ಕನಿಷ್ಠ 42 ದಿನ ಮೊದಲು ಅರ್ಜಿ ಹಾಕಿ ಅನುಮತಿ ಪಡೆಯಬೇಕು.

ಕೊನೆಗೆ ಬ್ಯಾಂಕು. ಹೊಸ ಸಿಐಒಗೆ ಹೊಸ ಖಾತೆ ಬೇಕು, ಹಳೆಯದಕ್ಕೆ ಹೆಸರು ಬದಲಾಯಿಸಿಕೊಂಡರೆ ನಡೆಯುವುದಿಲ್ಲ, ಏಕೆಂದರೆ ಕಾನೂನಿನಲ್ಲಿ ಅದು ಬೇರೆಯೇ ವ್ಯಕ್ತಿ. ಸಿಐಒ ನಂಬರು ಸಿಕ್ಕ ದಿನವೇ ಅರ್ಜಿ ಹಾಕಿ, ಖಾತೆ ತೆರೆದ ಮೇಲೆ ತೆರಿಗೆ ಇಲಾಖೆಗೆ ಗಿಫ್ಟ್ ಏಡ್ ನೋಂದಣಿ, ಅದಾದ ಮೇಲೆ ವಿಲೀನದ ತಾರೀಖು. ಬಹಳ ಏರಿಯಾಗಳ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಜನವರಿ 1 ಅನುಕೂಲ. ಆ ಜನವರಿಗೆ ಎಲ್ಲ ಸಿದ್ಧವಾಗದಿದ್ದರೆ ಮುಂದಿನ ಜನವರಿ ಇದ್ದೇ ಇದೆ. ದಾನಿಗಳಿಂದ ಹೊಸ ಗಿಫ್ಟ್ ಏಡ್ ಘೋಷಣೆ, ಹೊಸ ಸ್ಟ್ಯಾಂಡಿಂಗ್ ಆರ್ಡರ್ (ನಿಯತವಾಗಿ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಸೂಚನೆ) ಎರಡನ್ನೂ ಒಂದೇ ಹಾಳೆಯ ಎರಡು ಬದಿಗೆ ಅಚ್ಚು ಹಾಕಿಸಿ ಕಳುಹಿಸಿದರೆ ಮರಳಿ ಬರುವ ಪ್ರಮಾಣ ಹೆಚ್ಚು. ಹಳೆಯ ಖಾತೆಗಳನ್ನು ಕನಿಷ್ಠ ಒಂದು ವರ್ಷ ತೆರೆದಿಡಿ. ವರ್ಷಕ್ಕೊಮ್ಮೆ ಮಾತ್ರ ಹಣ ಕಳಿಸುವ ದಾನಿಗಳು ಪ್ರತಿ ಏರಿಯಾದಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ, ಅವರ ಸ್ಟ್ಯಾಂಡಿಂಗ್ ಆರ್ಡರ್ ಮುಚ್ಚಿದ ಖಾತೆಗೆ ಹೋಗಿ ಹಿಂದಿರುಗಿದರೆ ಹೆಚ್ಚಿನವರು ಮತ್ತೆ ಬರೆಯುವುದಿಲ್ಲ.